ಜೂಲಿಯನ್ನನ ಪ್ರಶ್ನೆ: ಕ್ರೈಸ್ತ ಚಿಂತನಾಕ್ರಮ ರೂಪುಗೊಂಡ ಬಗೆ

ಅಂತ್ಯಕ್ರಿಯೆಯ ಬಲಿಪೂಜೆಗಳಲ್ಲಿ ನಾವು ಅನೇಕ ಸಲ ಕೇಳಿರುವ, ಕೆಲವೊಮ್ಮೆ ನಾವೇ ಆಡಿರುವ ಮಾತೊಂದಿದೆ: ದೇಹವು ಬರಿಯ ಬಟ್ಟೆ, ಆತ್ಮವು ಅದನ್ನು ಕಳಚಿಟ್ಟು ಹೊರಟುಹೋಗಿದೆ, ಆದ್ದರಿಂದ ಅಳಬೇಡಿ. ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಪ್ರಬೋಧನೆ ಮುಗಿದ ಸ್ವಲ್ಪ ಹೊತ್ತಿಗೆ ಅದೇ ಯಾಜಕನು ಅದೇ ದೇಹದ ಮೇಲೆ ತೀರ್ಥ ಪ್ರೋಕ್ಷಿಸಿ, ಧೂಪವನ್ನರ್ಪಿಸಿ, ಅದರ ಪುನರುತ್ಥಾನಕ್ಕಾಗಿ ಪ್ರಾರ್ಥಿಸುತ್ತಾನೆ. ಕಳಚಿಟ್ಟ ಬಟ್ಟೆಗೆ ಧೂಪವೇಕೆ ಎಂದು ಯಾರೂ ಕೇಳುವುದಿಲ್ಲ.

ಇದರ ಮೂಲ ಗುರುಮಠದಲ್ಲೇ ಇದೆಯೆಂಬುದು ಉತ್ತರಪತ್ರಿಕೆಗಳನ್ನು ತಿದ್ದುವಾಗ ನಮಗೆ ಮನವರಿಕೆಯಾಗಿದೆ. ತತ್ತ್ವಶಾಸ್ತ್ರದ ವರ್ಷಗಳಲ್ಲಿ ವಿದ್ಯಾರ್ಥಿಯು ಸಾಂಖ್ಯದರ್ಶನವನ್ನು ಅಚ್ಚುಕಟ್ಟಾಗಿ ವಿವರಿಸುತ್ತಾನೆ: ತಾನು ಪ್ರಕೃತಿಗಿಂತ ಬೇರೆಯೆಂಬ ವಿವೇಕವೇ ಪುರುಷನ ಬಿಡುಗಡೆ. ದೈವಶಾಸ್ತ್ರದ ವರ್ಷಗಳಲ್ಲಿ ಅವನೇ ಸೃಷ್ಟಿಯ ಒಳ್ಳೆಯತನವನ್ನೂ ಶರೀರದ ಪುನರುತ್ಥಾನವನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆಯುತ್ತಾನೆ. ಎರಡಕ್ಕೂ ಒಳ್ಳೆಯ ಅಂಕಗಳೇ ಸಿಗುತ್ತವೆ. ಈ ಎರಡು ಉತ್ತರಗಳು ಪರಸ್ಪರ ಪ್ರಶ್ನೆ ಹಾಕುತ್ತವೆಂಬುದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಹೊಳೆಯುವಂತೆ ನಾವೂ ಮಾಡಿಲ್ಲ. ಕ್ರೈಸ್ತ ವಿಶ್ವದೃಷ್ಟಿಯನ್ನು ಬೆಳೆಸಿಕೊಳ್ಳಬೇಕೆಂದು ನಾವು ಹೇಳುವಾಗ, ಇರುವ ಪಠ್ಯಗಳ ಜೊತೆಗೆ ಇನ್ನೊಂದು ಪಠ್ಯವನ್ನು ಸೇರಿಸುವ ಮಾತಾಡುತ್ತಿದ್ದೇವೆಯೋ, ಅಥವಾ ಇರುವ ಎಲ್ಲವನ್ನೂ ತೂಗಿನೋಡುವ ಒಂದು ಮನಸ್ಸಿನ ಮಾತನ್ನೋ? ನಾಲ್ಕನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಧರ್ಮಸಭೆಯ ಮುಂದೆ ನಿಷ್ಠುರವಾಗಿ ಇಟ್ಟವನು ಸಂತನಲ್ಲ. ವಿಶ್ವಾಸವನ್ನು ತೊರೆದ ಒಬ್ಬ ಚಕ್ರವರ್ತಿ.

362ರ ಶಾಸನ

ಜೂಲಿಯನ್ನನು ಮಹಾ ಕಾನ್‌ಸ್ಟಂಟೈನನ ಮಲತಮ್ಮನ ಮಗ. 337ರಲ್ಲಿ ಅವನ ತಂದೆಯೂ ಹತ್ತಿರದ ಬಂಧುಗಳೂ ಸೈನಿಕರ ಕೈಯಲ್ಲಿ ಹತರಾದರು. ಪಟ್ಟಕ್ಕೆ ಬಂದವರು ಕ್ರೈಸ್ತರೆನಿಸಿಕೊಂಡಿದ್ದ ಅವನ ದಾಯಾದಿಗಳೇ. ಕ್ರೈಸ್ತನಾಗಿಯೇ ಬೆಳೆದ ಈ ಬಾಲಕನು ದೇವಾಲಯದಲ್ಲಿ ವಾಚಕನಾಗಿಯೂ ಸೇವೆ ಸಲ್ಲಿಸಿದನು. ಆದರೆ ಅವನ ಹೃದಯವನ್ನು ಗೆದ್ದದ್ದು ಹೋಮರನ ಕಾವ್ಯ ಮತ್ತು ಪ್ಲೇಟೊವಾದಿಗಳ ತತ್ತ್ವ. 355ರಲ್ಲಿ ಅವನು ಅಥೆನ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದೇ ನಗರದಲ್ಲಿ ಕಪ್ಪದೋಕ್ಯದ ಇಬ್ಬರು ತರುಣರೂ ಓದುತ್ತಿದ್ದರು: ಬೆಸಿಲ್ ಮತ್ತು ಗ್ರೆಗೊರಿ. 361ರ ಕೊನೆಯಲ್ಲಿ ಜೂಲಿಯನ್ನನು ಏಕೈಕ ಚಕ್ರವರ್ತಿಯಾದನು. ಹಳೆಯ ದೇವತೆಗಳ ಆರಾಧನೆಯನ್ನು ಬಹಿರಂಗವಾಗಿ ಪುನಃ ಸ್ಥಾಪಿಸಲು ತೊಡಗಿದನು.

362ರ ಜೂನ್ 17ರಂದು ಅವನು ಹೊರಡಿಸಿದ ಶಾಸನವು ಮೇಲ್ನೋಟಕ್ಕೆ ನಿರುಪದ್ರವಿ. ಅಧ್ಯಾಪಕರು ಮೊದಲು ನಡತೆಯಲ್ಲಿ, ಅನಂತರ ವಾಕ್‌ಚಾತುರ್ಯದಲ್ಲಿ ಶ್ರೇಷ್ಠರಾಗಿರಬೇಕು. ಅವರ ನೇಮಕವನ್ನು ನಗರಸಭೆ ಪರಿಶೀಲಿಸಿ ಚಕ್ರವರ್ತಿಯ ಗಮನಕ್ಕೆ ತರಬೇಕು. ‘ನಡತೆ’ ಎಂದರೇನೆಂಬುದನ್ನು ಅವನು ಪತ್ರವೊಂದರಲ್ಲಿ ಬಿಡಿಸಿ ಹೇಳಿದನು. ಹೋಮರ್, ಹೆಸಿಯೊಡ್, ಹೆರೊಡೋಟಸ್, ಥುಸಿಡಿಡೀಸ್ ಮೊದಲಾದವರು ದೇವತೆಗಳನ್ನು ತಮ್ಮ ವಿದ್ಯೆಯ ಒಡೆಯರೆಂದು ನಂಬಿದವರು. ಆ ದೇವತೆಗಳನ್ನು ಹೀಗಳೆಯುತ್ತಲೇ ಆ ಗ್ರಂಥಗಳನ್ನು ಕಲಿಸಿ ಸಂಬಳ ಪಡೆಯುವವನು ಮನಸ್ಸಿನಲ್ಲೊಂದು ಬಾಯಲ್ಲೊಂದು ಇಟ್ಟುಕೊಂಡವನು. ಅಂಥವನು ಗಲಿಲೇಯದವರ ದೇವಾಲಯಗಳಿಗೆ ಹೋಗಿ ಮತ್ತಾಯನನ್ನೂ ಲೂಕನನ್ನೂ ವ್ಯಾಖ್ಯಾನಿಸಲಿ. ಕ್ರೈಸ್ತ ಬಾಲಕರು ಶಾಲೆಗೆ ಬರುವುದನ್ನು ಮಾತ್ರ ಅವನು ತಡೆಯಲಿಲ್ಲ. ಒಳ್ಳೆಯ ಗುರುಗಳ ಕೈಯಲ್ಲಿ ಅವರು ಹಳೆಯ ಧರ್ಮಕ್ಕೆ ಮರಳುವರೆಂಬುದು ಅವನ ಎಣಿಕೆ.

ಈ ಶಾಸನ ಅನ್ಯಾಯದ್ದು. ಜೂಲಿಯನ್ನನನ್ನು ಬಹಳವಾಗಿ ಮೆಚ್ಚಿದ ಇತಿಹಾಸಕಾರ ಅಮ್ಮಿಯಾನುಸ್ ಮಾರ್ಸೆಲ್ಲಿನುಸ್, ತಾನು ಕ್ರೈಸ್ತನಲ್ಲದಿದ್ದರೂ, ಇದನ್ನು ಕ್ರೂರವೆಂದೇ ಖಂಡಿಸಿದನು. ಆದರೂ ಶಾಸನದೊಳಗಿರುವ ಪ್ರಶ್ನೆಯನ್ನು ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. ನಂಬುವುದೊಂದು, ಕಲಿಸುವುದೊಂದು ಆಗಬಹುದೇ? ಕ್ರೈಸ್ತನು ಅನ್ಯರ ವಿದ್ಯೆಯಲ್ಲಿ ನಿಂತು ಮಾತಾಡುವಾಗ ಅವನ ತಲೆಯಲ್ಲಿರುವುದು ಒಂದು ಮನಸ್ಸೋ ಎರಡೋ?

ಹಳೆಯ ಚರ್ಚೆ

ಈ ಪ್ರಶ್ನೆ ಧರ್ಮಸಭೆಗೆ ಪೂರ್ತಿ ಹೊಸದಾಗಿರಲಿಲ್ಲ. ಎರಡನೆಯ ಶತಮಾನದಲ್ಲಿ ಸಂತ ಜಸ್ಟಿನರು ಕ್ರೈಸ್ತರಾದ ಮೇಲೂ ತತ್ತ್ವಜ್ಞಾನಿಯ ಉಡುಪನ್ನು ತೊಡುತ್ತಿದ್ದರು. ದಿವ್ಯವಾಣಿಯ ಬೀಜಗಳು ಕ್ರಿಸ್ತನ ಹೆಸರರಿಯದವರಲ್ಲೂ ಬಿತ್ತಲ್ಪಟ್ಟಿವೆಯೆಂದು ಕಲಿಸಿದರು. ಅರ್ಧ ಶತಮಾನದೊಳಗೆ ಆಫ್ರಿಕದ ತೆರ್ತುಲಿಯನ್ ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧವೆಂದು ಸವಾಲೆಸೆದರು. ಆದರೆ ತೆರ್ತುಲಿಯನ್ನರ ನಿಲುವು ನಾವು ಸಾಮಾನ್ಯವಾಗಿ ಪಾಠ ಹೇಳುವಷ್ಟು ಸರಳವಲ್ಲ. ವಿಗ್ರಹಾರಾಧನೆಯನ್ನು ಕುರಿತ ಗ್ರಂಥದಲ್ಲಿ ಅವರು, ಕ್ರೈಸ್ತ ಬಾಲಕನು ಅನ್ಯರ ಸಾಹಿತ್ಯವನ್ನು ಕಲಿಯುವುದು ಅನಿವಾರ್ಯವೆಂದು ಒಪ್ಪುತ್ತಾರೆ. ಕ್ರೈಸ್ತನು ಅದನ್ನು ಕಲಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಕಲಿಸುವವನು ತಾನು ಕಲಿಸುವುದಕ್ಕೆ ಜಾಮೀನು ನಿಲ್ಲುತ್ತಾನೆ ಎಂಬುದು ಅವರ ವಾದ. ಸುಮಾರು ನೂರೈವತ್ತು ವರ್ಷಗಳ ಬಳಿಕ ಧರ್ಮಸಭೆಯ ವೈರಿಯು ಹೊರಡಿಸಿದ ಶಾಸನವೂ ಇದೇ ಗೆರೆಯನ್ನು ಎಳೆಯಿತು: ಕಲಿಯಬಹುದು, ಕಲಿಸಬಾರದು. ಧರ್ಮಸಭೆಯ ಒಳಗೇ ಇತ್ಯರ್ಥವಾಗದೆ ಉಳಿದಿದ್ದ ಪ್ರಶ್ನೆಯೊಂದು ಹೊರಗಿನವನ ಕೈಯಲ್ಲಿ ಆಯುಧವಾಯಿತು.

ಮೂರು ಉತ್ತರಗಳು

ಮೊದಲನೆಯ ಉತ್ತರ ಪೀಠವನ್ನು ಬಿಟ್ಟಿಳಿದವರದು. ಮಾರಿಯುಸ್ ವಿಕ್ಟೋರಿನುಸ್ ರೋಮ್ ನಗರದ ಹೆಸರಾಂತ ವಾಗ್ಮಿ, ಪ್ಲೇಟೊವಾದಿಗಳ ಗ್ರಂಥಗಳನ್ನು ಲ್ಯಾಟಿನಿಗೆ ತಂದ ವಿದ್ವಾಂಸ. ಬದುಕಿರುವಾಗಲೇ ಅವರ ಪ್ರತಿಮೆ ಸಾರ್ವಜನಿಕ ಸ್ಥಳದಲ್ಲಿ ನಿಂತಿತ್ತು. ಮುಪ್ಪಿನಲ್ಲಿ ಅವರು ಸ್ನಾನದೀಕ್ಷೆ ಪಡೆದರು. ಶಾಸನ ಬಂದಾಗ ಅಧ್ಯಾಪಕ ಪೀಠವನ್ನು ತೊರೆದರು. ಅಥೆನ್ಸಿನಲ್ಲಿ ಪ್ರೊಹೇರೇಸಿಯುಸ್ ಎಂಬ ಕ್ರೈಸ್ತ ಗುರುವಿಗೆ ಚಕ್ರವರ್ತಿಯೇ ವಿನಾಯಿತಿ ನೀಡಿದರೂ ಅವರು ಅದನ್ನು ಸ್ವೀಕರಿಸದೆ ಹೊರನಡೆದರೆಂದು ಸಂತ ಜೆರೋಮರು ದಾಖಲಿಸಿದ್ದಾರೆ. ಇವರು ವಿದ್ಯೆಯನ್ನು ದೂಷಿಸಲಿಲ್ಲ. ವಿದ್ಯೆಗಾಗಿ ಕ್ರಿಸ್ತನನ್ನು ಬಿಟ್ಟುಕೊಡಲೂ ಇಲ್ಲ. ತಮ್ಮೊಳಗಿರುವುದು ಒಂದೇ ಮನಸ್ಸೆಂಬುದನ್ನು ಅವರು ಕೆಲಸ ಕಳೆದುಕೊಂಡು ತೋರಿಸಿದರು.

ಎರಡನೆಯ ಉತ್ತರ ಸಿರಿಯದ ಲವೊದಿಕೇಯದ ತಂದೆ-ಮಗ ಅಪೊಲ್ಲಿನಾರಿಸರದು. ಹೋಮರನನ್ನು ಕಿತ್ತುಕೊಂಡರೆ ನಾವೇ ಹೋಮರನನ್ನು ಮಾಡಿಕೊಳ್ಳುತ್ತೇವೆಂದು ಇವರು ಹೊರಟರು. ಇತಿಹಾಸಕಾರ ಸಾಕ್ರಟೀಸನ ಪ್ರಕಾರ, ತಂದೆಯು ಮೋಶೆಯ ಗ್ರಂಥಗಳನ್ನು ವೀರಕಾವ್ಯದ ಛಂದಸ್ಸಿಗೆ ತಂದರು. ಮಗನು ಶುಭಸಂದೇಶಗಳನ್ನೂ ಪ್ರೇಷಿತರ ಬೋಧನೆಯನ್ನೂ ಪ್ಲೇಟೊವಿನ ಸಂವಾದಗಳ ರೀತಿಯಲ್ಲಿ ಬರೆದರು. ದುಡಿಮೆ ಅಪಾರ. ಆದರೆ 363ರ ಜೂನ್ ತಿಂಗಳಲ್ಲಿ ಜೂಲಿಯನ್ನನು ಪರ್ಷಿಯದ ಯುದ್ಧದಲ್ಲಿ ಮಡಿದನು. 364ರಲ್ಲಿ ಅಧ್ಯಾಪಕರ ಹಕ್ಕು ಮರಳಿತು. ಶಾಲೆಗಳು ಹೋಮರನಿಗೇ ಹಿಂದಿರುಗಿದವು. ಆ ಕಾವ್ಯಗಳೂ ಸಂವಾದಗಳೂ ಬರೆಯದೇ ಇದ್ದಂತಾದವೆಂದು ಅದೇ ಇತಿಹಾಸಕಾರ ಹೇಳುತ್ತಾನೆ. ಅವು ಇಂದು ಉಳಿದಿಲ್ಲ.

ಮೂರನೆಯ ಉತ್ತರ ನಾಜಿಯಾನ್ಸಿನ ಸಂತ ಗ್ರೆಗೊರಿಯವರದು. ಸಹಪಾಠಿಗಳ ನಗರದಲ್ಲೇ ಓದಿದ ಚಕ್ರವರ್ತಿಯ ವಿರುದ್ಧ ಅವರು ಬರೆದ ಎರಡು ಭಾಷಣಗಳಲ್ಲಿ ಕೋಪ ಧಾರಾಳವಾಗಿದೆ, ಎಲ್ಲವೂ ಅನುಕರಣೀಯವಲ್ಲ. ಆದರೆ ಅದರ ನಡುವೆ ಒಂದು ಗಟ್ಟಿ ವಾದವಿದೆ. ಮಾತೂ ವಿಚಾರವೂ ಯಾವ ಪಂಥದ ಆಸ್ತಿಯೂ ಅಲ್ಲ. ವಿದ್ಯೆಯು ಅದನ್ನು ಮೊದಲು ಕಂಡುಹಿಡಿದವರ ದೇವತೆಗಳಿಗೆ ಸೇರಿದ್ದಾದರೆ, ಗ್ರೀಕರು ಅಕ್ಷರಗಳನ್ನು ಫಿನೀಷಿಯದವರಿಗೆ ಹಿಂದಿರುಗಿಸಬೇಕು. ಚಕ್ರವರ್ತಿ ತೊಡುವ ನೇರಳೆಗೆಂಪಿನ ವಸ್ತ್ರವನ್ನು ತೂರಿನವರಿಗೆ ಮರಳಿಸಬೇಕು! ಉಳಿದ ಸಂಪತ್ತನ್ನೆಲ್ಲ ಬಿಟ್ಟುಕೊಟ್ಟ ತಾವು ವಾಕ್ಕನ್ನು ಮಾತ್ರ ಬಿಡುವುದಿಲ್ಲವೆಂದು ಅವರು ಸಾರುತ್ತಾರೆ; ಏಕೆಂದರೆ ದಿವ್ಯವಾಣಿಯ ಸೇವಕನಿಗೆ ವಾಕ್ಕು ಪರಕೀಯವಾಗಲಾರದು.

ಮಕ್ರೀನರ ಮನೆ

ಗ್ರೆಗೊರಿಯವರ ವಾದವು ಹಕ್ಕನ್ನು ಸ್ಥಾಪಿಸಿತು. ಮನಸ್ಸು ರೂಪುಗೊಳ್ಳುವ ದಾರಿಯನ್ನು ತೋರಿಸಲಿಲ್ಲ. ಅದನ್ನು ಕಾಣಬೇಕಾದರೆ ನಾವು ಶಾಲೆಯನ್ನು ಬಿಟ್ಟು ಸಂತ ಬೆಸಿಲರ ಮನೆಯನ್ನು ಪ್ರವೇಶಿಸಬೇಕು. ಆ ಮನೆಯ ಹಿರಿಯ ಮಗಳು ಸಂತ ಮಕ್ರೀನ. ತಾಯಿ ಎಮ್ಮೇಲಿಯ ಆಕೆಗೆ ಕವಿಗಳ ಕಥೆಗಳನ್ನು ಕಲಿಸಲಿಲ್ಲ. ಸೊಲೊಮೋನನ ಜ್ಞಾನಗ್ರಂಥವನ್ನೂ ಕೀರ್ತನೆಗಳನ್ನೂ ಕಲಿಸಿದರು. ಹಾಸಿಗೆಯಿಂದೇಳುವಾಗ, ಕೆಲಸಕ್ಕೆ ಕೂರುವಾಗ, ಊಟಕ್ಕೆ ಮೊದಲು ಮತ್ತು ಆಮೇಲೆ, ಮಲಗುವಾಗ, ನಡುರಾತ್ರಿಯ ಪ್ರಾರ್ಥನೆಗೆ ಏಳುವಾಗ ಕೀರ್ತನೆಗಳು ಆಕೆಯ ಜೊತೆಗಿದ್ದವೆಂದು ತಮ್ಮನಾದ ನಿಸ್ಸಾದ ಸಂತ ಗ್ರೆಗೊರಿಯವರು ಬರೆದಿದ್ದಾರೆ. ಬೆಸಿಲರು ಅಥೆನ್ಸಿನ ವಿದ್ಯೆಯಿಂದ ಉಬ್ಬಿ ಮನೆಗೆ ಬಂದಾಗ ಅವರ ಅಹಂಕಾರವನ್ನು ಇಳಿಸಿ, ಕ್ರಿಸ್ತನ ಬಡತನದ ದಾರಿಗೆ ತಿರುಗಿಸಿದವಳು ಈ ಅಕ್ಕ.

ಮುಂದೆ ಧರ್ಮಾಧ್ಯಕ್ಷರಾದ ಬೆಸಿಲರು ಗ್ರೀಕ್ ಸಾಹಿತ್ಯವನ್ನು ಓದುವ ಬಗೆಯನ್ನು ಕುರಿತು ತರುಣರಿಗೆ ಒಂದು ಕಿರುಗ್ರಂಥವನ್ನು ಬರೆದರು. ಜೇನುನೊಣವು ಎಲ್ಲ ಹೂಗಳಿಗೂ ಎರಗುವುದಿಲ್ಲ, ಎರಗಿದ ಹೂವನ್ನು ಇಡಿಯಾಗಿ ಹೊತ್ತೊಯ್ಯುವುದೂ ಇಲ್ಲ ಎಂಬ ಅವರ ಉಪಮೆ ಪ್ರಸಿದ್ಧ. ಆದರೆ ಯಾವುದನ್ನು ಹೀರಬೇಕು, ಯಾವುದನ್ನು ಬಿಡಬೇಕು ಎಂಬ ರುಚಿ ಜೇನುನೊಣಕ್ಕೆ ಪುಸ್ತಕದಿಂದ ಬಂದದ್ದಲ್ಲ. ಬೆಸಿಲರಿಗೂ ಆ ರುಚಿ ಅಕ್ಕನ ಮನೆಯ ಕೀರ್ತನೆಗಳಿಂದ ಬಂದಿತೆಂದರೆ ತಪ್ಪಾಗಲಾರದು.

ಮಕ್ರೀನರು 379ರಲ್ಲಿ ಮರಣಶಯ್ಯೆಯಲ್ಲಿದ್ದಾಗ ನಡೆದ ಮಾತುಕತೆಯ ರೂಪದಲ್ಲಿ ನಿಸ್ಸಾದ ಗ್ರೆಗೊರಿಯವರು ಆತ್ಮ ಮತ್ತು ಪುನರುತ್ಥಾನವನ್ನು ಕುರಿತ ಗ್ರಂಥವನ್ನು ರಚಿಸಿದ್ದಾರೆ. ಸಾಯಲಿರುವ ಗುರು, ಕಣ್ಣೀರಿಡುವ ಶಿಷ್ಯ, ಆತ್ಮದ ಅಮರತ್ವದ ಚರ್ಚೆ: ಚೌಕಟ್ಟು ಪ್ಲೇಟೊವಿನ ‘ಫೇದೊ’ ಸಂವಾದದ್ದು. ಸಾಕ್ರಟೀಸನ ಸ್ಥಾನದಲ್ಲಿ ಇಲ್ಲಿರುವವಳು ಒಬ್ಬ ಕನ್ಯಾಮಣಿ. ಧರ್ಮಾಧ್ಯಕ್ಷ ತಮ್ಮನು ಆಕೆಯನ್ನು ‘ಗುರು’ ಎಂದೇ ಕರೆಯುತ್ತಾನೆ. ಆತ್ಮವನ್ನು ರಥಕ್ಕೂ ಜೋಡಿ ಕುದುರೆಗಳಿಗೂ ಹೋಲಿಸುವ ಪ್ಲೇಟೊವಿನ ಚಿತ್ರವನ್ನು ಮಕ್ರೀನರು ಹೆಸರಿಸಿಯೇ ಪಕ್ಕಕ್ಕಿಡುತ್ತಾರೆ. ಪುನರ್ಜನ್ಮವಾದವನ್ನು ತಳ್ಳಿಹಾಕುತ್ತಾರೆ. ದೇಹವು ಮಣ್ಣಾದ ಮೇಲೂ ಆತ್ಮವು ತನ್ನ ದೇಹದ ಕಣಗಳನ್ನು ಮರೆಯದೆ, ಪುನರುತ್ಥಾನದ ದಿನದವರೆಗೂ ಅವುಗಳ ಕಾವಲಿಗಿರುತ್ತದೆಂದು ವಾದಿಸುತ್ತಾರೆ. ಗ್ರೀಕರ ವಾದಕ್ರಮ ಇಲ್ಲಿ ಹೆಜ್ಜೆಹೆಜ್ಜೆಗೂ ದುಡಿಯುತ್ತಿದೆ. ಆದರೆ ತೀರ್ಪು ಕೊಡುತ್ತಿರುವುದು ಖಾಲಿ ಸಮಾಧಿಯ ಸುದ್ದಿ. ಕ್ರೈಸ್ತ ಚಿಂತನಾಕ್ರಮವೆಂದರೆ ಏನೆಂದು ಯಾರಾದರೂ ಕೇಳಿದರೆ ನಾವು ಈ ಪುಟಗಳನ್ನು ತೋರಿಸುತ್ತೇವೆ. ದೇಹವನ್ನು ಬಟ್ಟೆಯೆಂದು ಕರೆದು ಮುಗಿಸುವ ಸುಲಭದ ದಾರಿ ಆ ಮರಣಶಯ್ಯೆಯ ಪಕ್ಕದಲ್ಲೂ ತೆರೆದಿತ್ತು. ಮಕ್ರೀನರು ಆ ದಾರಿ ಹಿಡಿಯಲಿಲ್ಲ.

ಮನಸ್ಸನ್ನು ಕಳೆದುಕೊಂಡ ಕ್ರಿಸ್ತ

ಈಗ ಕಿರಿಯ ಅಪೊಲ್ಲಿನಾರಿಸರ ಕಡೆಗೆ ಮರಳೋಣ. ನೈಸಿಯದ ವಿಶ್ವಾಸಕ್ಕಾಗಿ ಹೋರಾಡಿದ, ಲವೊದಿಕೇಯದ ಧರ್ಮಾಧ್ಯಕ್ಷರೂ ಆದ ಈ ವಿದ್ವಾಂಸರ ಹೆಸರು ಇಂದು ಉಳಿದಿರುವುದು ಒಂದು ಪಾಷಂಡ ಬೋಧನೆಯಿಂದಾಗಿ. ಕ್ರಿಸ್ತನಲ್ಲಿ ಮಾನವ ಮನಸ್ಸಿನ ಸ್ಥಾನವನ್ನು ದಿವ್ಯವಾಣಿಯೇ ತುಂಬಿತೆಂದು ಅವರು ಕಲಿಸಿದರು. 381ರ ಕಾನ್‌ಸ್ಟಂಟಿನೋಪಲ್ ಮಹಾಸಭೆ ಈ ಬೋಧನೆಯನ್ನು ಖಂಡಿಸಿತು. ನಾಜಿಯಾನ್ಸಿನ ಗ್ರೆಗೊರಿಯವರು ಕ್ಲೆದೋನಿಯುಸರಿಗೆ ಬರೆದ ಪತ್ರದಲ್ಲಿ ಕೊಟ್ಟ ಉತ್ತರ ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತು: ಪುತ್ರನು ತನ್ನದಾಗಿಸಿಕೊಂಡದ್ದಕ್ಕೆ ಮಾತ್ರ ಗುಣವಾಯಿತು. ಮೊದಲು ಪಾಪಕ್ಕೆ ಬಿದ್ದದ್ದು ಮನಸ್ಸು. ಹೆಚ್ಚು ಚಿಕಿತ್ಸೆ ಬೇಕಾದದ್ದೂ ಮನಸ್ಸಿಗೇ.

ಅಪೊಲ್ಲಿನಾರಿಸರ ಕಾವ್ಯಯತ್ನವೇ ಅವರ ಕ್ರಿಸ್ತಶಾಸ್ತ್ರಕ್ಕೆ ಕಾರಣವಾಯಿತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಎರಡರ ನಡುವಣ ಹೋಲಿಕೆ ಗಮನಾರ್ಹ. ಒಂದೆಡೆ, ಮನುಷ್ಯರ ಸಾಹಿತ್ಯವನ್ನು ತೆಗೆದು ಆ ಜಾಗದಲ್ಲಿ ದೇವರ ವಾಕ್ಯವನ್ನಿಡುವುದು. ಇನ್ನೊಂದೆಡೆ, ಮನುಷ್ಯನ ಮನಸ್ಸನ್ನು ತೆಗೆದು ಆ ಜಾಗದಲ್ಲಿ ದಿವ್ಯವಾಣಿಯನ್ನಿಡುವುದು. ಎರಡೂ ಕಡೆ ದೇವರು ಮನುಷ್ಯನನ್ನು ಪಕ್ಕಕ್ಕೆ ಸರಿಸಿ ಬರುವವನು. ಧರ್ಮಸಭೆಯ ವಿಶ್ವಾಸ ಹಾಗಿಲ್ಲ. ದಿವ್ಯವಾಣಿ ಮನುಷ್ಯನಾದಾಗ ಕಲಿಯುವ, ಪ್ರಶ್ನಿಸುವ, ಬೆಳೆಯುವ ಮನಸ್ಸನ್ನೂ ತನ್ನದಾಗಿಸಿಕೊಂಡಿತು. ಯೇಸು ಜ್ಞಾನದಲ್ಲಿ ಬೆಳೆದರೆಂದು ಸಂತ ಲೂಕರು ಬರೆದಿದ್ದಾರೆ. ಆದ್ದರಿಂದ ಕ್ರೈಸ್ತ ವಿಶ್ವದೃಷ್ಟಿಯೆಂಬುದು ನಮ್ಮ ವಿಚಾರಶಕ್ತಿಯನ್ನು ತೆಗೆದು ಅಲ್ಲಿ ಸಿದ್ಧ ಉತ್ತರಗಳನ್ನು ತುಂಬುವ ಕೆಲಸವಾಗಲಾರದು. ಅದು ವಿಚಾರಶಕ್ತಿಗೇ ಆಗುವ ಚಿಕಿತ್ಸೆ. ಚಿಕಿತ್ಸೆಗೆ ಕಾಲ ಬೇಕು.

ನಲವತ್ತು ವರ್ಷಗಳ ತಿದ್ದುಪಡಿ

ಎಷ್ಟು ಕಾಲ ಬೇಕೆಂಬುದನ್ನು ಸಂತ ಅಗಸ್ಟೀನರ ಜೀವನ ಹೇಳುತ್ತದೆ. 386ರಲ್ಲಿ ಮಿಲಾನಿನ ಭಾಷಣಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಓದಿದ ಪ್ಲೇಟೊವಾದಿಗಳ ಗ್ರಂಥಗಳು ವಿಕ್ಟೋರಿನುಸರ ಅನುವಾದಗಳೇ. ಆ ವಿಕ್ಟೋರಿನುಸರು ವಿಶ್ವಾಸಕ್ಕೆ ಬಂದ ಕಥೆಯನ್ನೂ, ಜೂಲಿಯನ್ನನ ಶಾಸನದಿಂದ ಪೀಠ ತೊರೆದ ಸಂಗತಿಯನ್ನೂ ಅವರಿಗೆ ವೃದ್ಧ ಯಾಜಕ ಸಿಂಪ್ಲಿಸಿಯಾನುಸರು ತಿಳಿಸಿದರು. ಅದು ಅವರ ಪರಿವರ್ತನೆಗೆ ಕಿಡಿಯಾಯಿತು. ಆ ಗ್ರಂಥಗಳಲ್ಲಿ ದಿವ್ಯವಾಣಿಯ ಕುರಿತು ಬಹಳಷ್ಟು ಸಿಕ್ಕಿತು, ಆದರೆ ಆ ವಾಣಿ ಮಾಂಸವಾದದ್ದು ಸಿಗಲಿಲ್ಲವೆಂದು ಅವರು ‘ಪಾಪನಿವೇದನೆ’ಗಳಲ್ಲಿ ಬರೆದಿದ್ದಾರೆ.

ಅದೇ ಪರಿವರ್ತನೆಯ ಕಾಲದಲ್ಲಿ ಬರೆದ ‘ಸ್ವಗತಗಳು’ ಎಂಬ ಕೃತಿಯಲ್ಲಿ ಅವರು ಇಂದ್ರಿಯಗೋಚರ ವಸ್ತುಗಳಿಂದ ಸಂಪೂರ್ಣವಾಗಿ ಓಡಿಹೋಗಬೇಕೆಂದು ಹೇಳಿದ್ದರು. ಸುಮಾರು ನಲವತ್ತು ವರ್ಷಗಳ ಅನಂತರ, ಮುದಿ ಧರ್ಮಾಧ್ಯಕ್ಷರಾಗಿ ತಮ್ಮ ಕೃತಿಗಳನ್ನೆಲ್ಲ ಮರುಪರಿಶೀಲಿಸಿದಾಗ, ಆ ಮಾತಿನ ಬಳಿ ನಿಂತರು. ಪ್ರತಿಯೊಂದು ದೇಹದಿಂದಲೂ ಪಲಾಯನ ಮಾಡಬೇಕೆಂಬ ಪೊರ್ಫಿರಿಯ ಮತವನ್ನು ತಾವು ಒಪ್ಪಿದಂತೆ ಅದು ಕೇಳಿಸಬಹುದೆಂದು ಅದನ್ನು ತಿದ್ದಿದರು. ನಾಶವಾಗುವ ವಸ್ತುಗಳೆಂದು ಹೇಳಬೇಕಿತ್ತು, ಪುನರುತ್ಥಾನದ ದೇಹಗಳೂ ಗೋಚರವಾಗುವಂಥವೇ ಎಂಬುದು ತಿದ್ದುಪಡಿಯ ಸಾರ. ಐಗುಪ್ತರ ಚಿನ್ನವನ್ನು ಇಸ್ರಯೇಲರು ಹೊತ್ತು ತಂದಂತೆ ಅನ್ಯರ ವಿದ್ಯೆಯನ್ನು ತರಬಹುದೆಂದು ಕಲಿಸಿದವರೂ ಇವರೇ. ಹಾಗೆ ಚಿನ್ನ ಹೊತ್ತು ತಂದವರ ಸಾಲಿನಲ್ಲಿ ಅವರು ವಿಕ್ಟೋರಿನುಸರನ್ನು ಹೆಸರಿಸುತ್ತಾರೆ. ಆದರೆ ವಿಮೋಚನಾಕಾಂಡದಲ್ಲಿ ಚಿನ್ನದಿಂದ ದೇವದರ್ಶನದ ಗುಡಾರದ ಪರಿಕರಗಳೂ ಆದವು, ಹೋರಿಕರುವೂ ಆಯಿತು. ಯಾವುದು ಏನಾಯಿತೆಂದು ಅಗಸ್ಟೀನರು ಸಾಯುವವರೆಗೂ ಪರೀಕ್ಷಿಸುತ್ತಲೇ ಇದ್ದರು.

ನಮ್ಮ ಭಾಷೆಯಲ್ಲಿ

ಕನ್ನಡದಲ್ಲೂ ಈ ಎರಡು ದಾರಿಗಳ ಕುರುಹುಗಳಿವೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ಯೇಸುಸ್ವಾಮಿಯ ಚರಿತ್ರೆಯನ್ನು ಈ ನೆಲದ ಪದ್ಯಧಾಟಿಯಲ್ಲಿ ‘ಕಥಾಮಾಲೆ’ಯಾಗಿ ಹಾಡಿದರು. ಅದೇ ಕಿಟ್ಟೆಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟರು. ಕನ್ನಡಿಗರು ಇಂದಿಗೂ ತೆರೆದು ನೋಡುವುದು ಆ ನಿಘಂಟನ್ನು. ಅನ್ಯರ ಕವಿಗಳು ಬಳಸಿದ ಪದಗಳನ್ನು ಅವರು ಬಳಸಿದ ಅರ್ಥದಲ್ಲಿಯೇ ತಾಳ್ಮೆಯಿಂದ ಕೇಳಿಸಿಕೊಂಡ ಕೆಲಸವದು. ದೇಹ, ಆತ್ಮ, ಮುಕ್ತಿ, ಕರ್ಮ: ಈ ಪದಗಳಿಲ್ಲದೆ ನಾವು ಕನ್ನಡದಲ್ಲಿ ಪ್ರಬೋಧಿಸಲಾರೆವು. ಅವು ನಮ್ಮ ಬಾಯಿಗೆ ಬರುವ ಮುನ್ನ ಸಾವಿರ ವರ್ಷ ಬದುಕಿದವು. ಅವುಗಳ ಅರ್ಥವನ್ನು ಗೌರವದಿಂದ ಅರಿಯದವನು ಅವನ್ನು ಕ್ರೈಸ್ತ ವಿಶ್ವಾಸದ ಸೇವೆಗೆ ತರಲಾರನು. ಅರಿಯದೆ ಬಳಸಿದರೆ ಪದಗಳೇ ಅವನನ್ನು ಬಳಸಿಕೊಳ್ಳುತ್ತವೆ. ಅಂತ್ಯಕ್ರಿಯೆಯ ಪ್ರಬೋಧನೆಯಲ್ಲಿ ಆಗುವುದು ಅದೇ.

ಸಮಾರೋಪ

ತತ್ತ್ವಶಾಸ್ತ್ರವೂ ದೈವಶಾಸ್ತ್ರವೂ ಹೊಂದಿಕೊಂಡು ವಿದ್ಯಾರ್ಥಿಗಳ ಮನಸ್ಸಿಗೆ ಕ್ರಿಸ್ತನ ರಹಸ್ಯವನ್ನು ತೆರೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಯಾಜಕರ ತರಬೇತಿಯನ್ನು ಕುರಿತ ಆಜ್ಞೆಯಲ್ಲಿ ಕೇಳಿಕೊಂಡಿತು. ಅಧ್ಯಾಪಕರಾದ ನಾವು ಇದನ್ನು ಮೊದಲು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಕಾಣಿಸಬೇಕು. ಸಾಂಖ್ಯವನ್ನು ವಿವರಿಸಿರಿ ಎಂದು ನಿಲ್ಲಿಸದೆ, ಶರೀರದ ಪುನರುತ್ಥಾನವನ್ನು ನಂಬುವವನು ಸಾಂಖ್ಯದಿಂದ ಏನು ಕಲಿಯಬಲ್ಲನು, ಎಲ್ಲಿ ಬೇರೆಯಾಗಬೇಕು, ಏಕೆ ಎಂದು ಕೇಳಬೇಕು. ಸಾಂಖ್ಯಕ್ಕೂ ಇದು ಗೌರವವೇ. ಎದುರಿಗೆ ನಿಂತು ಮಾತಾಡುವವನು ಬಾಯಿಪಾಠ ಒಪ್ಪಿಸುವವನಿಗಿಂತ ಹೆಚ್ಚು ಗೌರವ ತೋರುತ್ತಾನೆ.

ವಿದ್ಯಾರ್ಥಿಗಳಾದ ನಿಮಗೆ ನಾವು ಹೇಳಬಯಸುವುದು ಇನ್ನೂ ಸರಳವಾದದ್ದು. ಮುಂಜಾನೆಯ ಪ್ರಾರ್ಥನೆಯಲ್ಲಿ ಹಾಡುವ ಕೀರ್ತನೆಗೂ ಹತ್ತು ಗಂಟೆಯ ತತ್ತ್ವಶಾಸ್ತ್ರದ ತರಗತಿಗೂ ನಡುವೆ ಇರುವುದು ಒಂದು ಅಂಗಳ ಮಾತ್ರ. ಆ ಅಂಗಳವನ್ನು ದಾಟುವಾಗ ಕೀರ್ತನೆಯನ್ನು ದೇವಾಲಯದಲ್ಲೇ ಬಿಟ್ಟುಬರಬೇಡಿರಿ. ಜೂಲಿಯನ್ನನ ಪ್ರಶ್ನೆಗೆ ವಿಕ್ಟೋರಿನುಸರು ಪೀಠ ಬಿಟ್ಟು ಉತ್ತರಿಸಿದರು, ಮಕ್ರೀನರು ಸಾಯುತ್ತ ಉತ್ತರಿಸಿದರು, ಅಗಸ್ಟೀನರು ತಮ್ಮ ಮಾತನ್ನೇ ತಿದ್ದಿ ಉತ್ತರಿಸಿದರು. ನಮ್ಮ ಸರದಿ ಬರುವುದು ಬಹುಶಃ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ. ಆಗ ಆ ದೇಹವನ್ನು ಕಳಚಿಟ್ಟ ಬಟ್ಟೆಯೆಂದು ನಾವು ಹೇಳದಿರಲಿ. ಅವಳು ಎತ್ತಿ ಆಡಿಸಿದ ದೇಹವದು. ಸ್ನಾನದೀಕ್ಷೆಯ ನೀರು ಬಿದ್ದ, ಪ್ರಭುವಿನ ಶರೀರವನ್ನು ಉಂಡ ದೇಹವದು. ಪ್ರಭುವು ಅದನ್ನು ಮರೆಯುವುದಿಲ್ಲವೆಂದು ಹೇಳಿ, ಆಮೇಲೆ ಧೂಪವನ್ನರ್ಪಿಸೋಣ.